ನಮ್ಮ ಹೊಲಕ್ಕೆ ನೆರಳು ಹಾಕಿದ ಕಾಕಾ

ಅವನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಸಹವಾಸವೇ ಬೇಡವೆಂದು ಪಕ್ಕಕ್ಕೆ ಸರಿದು ನಿಂತಿತ್ತು. ಉಗುರು ದಪ್ಪಗೆ, ಕಪ್ಪಗೆ, ಹುರಿದ ಹುಣಸೆ ಬೀಜದಂತೆ. ದಿನಾ ಮುಂಜಾನೆ ಹೊಲಕ್ಕೆ ಬಂದವನೇ ಚಪ್ಪಲಿ ಬಿಚ್ಚಿ, ಅವನ ಹೊಲಕ್ಕೂ ನಮ್ಮ ಹೊಲಕ್ಕೂ ನಡುವೆ ನೆಟ್ಟಿದ್ದ ಬಾಂದುಕಲ್ಲನ್ನು ಆ ಬೆರಳಿನಿಂದ ಒತ್ತಿ ಒತ್ತಿ ನೋಡುತ್ತಿದ್ದ. ಕಲ್ಲು ರಾತ್ರಿ ಎದ್ದು ಅವನ ಹೊಲದೊಳಗೆ ನಡೆದುಬಂದಿದೆಯೋ ಏನೋ ಎಂಬ ಸಂಶಯ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಬಾಯಲ್ಲಿ ಶಿವ ಶಿವ, ಕಾಲು ಮಾತ್ರ ಮಂದಿಯ ಗಡಿಯ ಮೇಲೆ. ಇಂಥವರನ್ನು ಶಿವ ಹೇಗೆ ಸಹಿಸಿಕೊಳ್ಳುತ್ತಾನೋ, ಅವನನ್ನೇ ಕೇಳಬೇಕು.

ಎದುರಿಗೆ ನಾನು ಅವನಿಗೆ ಕಾಕಾ ಅನ್ನುತ್ತಿದ್ದೆ, ರೀ ಹಚ್ಚಿ ಮಾತಾಡುತ್ತಿದ್ದೆ. ಬೆನ್ನ ಹಿಂದೆ ಅನ್ನುತ್ತಿದ್ದುದನ್ನು ಇಲ್ಲಿ ಬರೆಯುವಂತಿಲ್ಲ. ಸತ್ತವರನ್ನು ‘ಅವರು’ ಅನ್ನಬೇಕಂತೆ. ನನ್ನ ಬಾಯಿಗೆ ಬರುವುದಿಲ್ಲ, ಏನು ಮಾಡಲಿ?

ನಮ್ಮ ಹೊಲ ಮಸ್ಕಿಯಿಂದ ಲಿಂಗಸುಗೂರಿನ ಕಡೆ ಹೋಗುವ ದಾರಿಯಲ್ಲಿದೆ. ಇಳಿಜಾರಿನ ಹೊಲ, ಮಳೆ ನಂಬಿದ ಹೊಲ. ನನ್ನ ಗಂಡ ಲಿಂಗಸುಗೂರಿನಲ್ಲಿ ಒಂದು ಕಚೇರಿಯ ಜವಾನ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವ ಮನುಷ್ಯ. ಅವನಿಗೆ ಜೋಳದ ಎಲೆಗೂ ಸಜ್ಜೆಯ ಎಲೆಗೂ ಫರಕು ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗ ಮಾವ ಹೊಲ ಮಾರುವ ಮಾತಿನಲ್ಲಿದ್ದರು. ನಾನು ಬೇಡವೆಂದು ಹಟ ಹಿಡಿದೆ. ಆಗ ಮಾವ, “ನೀ ಬೆಳದು ತೋರಿಸಿದ್ರ ಹೊಲ ಇರ್ತದ. ಇಲ್ಲಂದ್ರ ಗಿರಾಕಿ ತಯಾರ ಅದಾನ” ಅಂದರು. ಆ ಗಿರಾಕಿ ಯಾರೆಂದು ಬೇರೆ ಹೇಳಬೇಕೆ? ಮೇಲಿನ ಹೊಲದ ಕಾಕಾ.

ಅವನು ಹುಟ್ಟು ಒಕ್ಕಲಿಗನಲ್ಲ. ಲಿಂಗಸುಗೂರಿನಲ್ಲಿ ದಲಾಲಿ ಅಂಗಡಿ ಇಟ್ಟು, ಮಂದಿ ಬೆಳೆದ ತೊಗರಿಯನ್ನು ಅಂಗೈಯಲ್ಲಿ ಹಿಡಿದು “ಹಸಿ ಐತಿ, ಕಲ್ಲು ಐತಿ” ಎಂದು ಮೂಗು ಮುರಿಯುತ್ತ ಅರ್ಧ ಆಯುಷ್ಯ ಕಳೆದವನು. ಅಂಗಡಿ ಮುಚ್ಚಿದ ಮೇಲೆ ನಮ್ಮ ಹೊಲದ ಮೇಲಿನ ಹೊಲ ಹಿಡಿದ. ಒಕ್ಕಲುತನವೆಂದರೆ ಅವನ ಲೆಕ್ಕದಲ್ಲಿ ಎರಡೇ: ಟ್ರ್ಯಾಕ್ಟರಿನವನಿಗೆ ಫೋನು ಹಚ್ಚುವುದು, ಯೂರಿಯಾ ಚೀಲ ಹರಿಯುವುದು. ಸುಗ್ಗಿಯಾದ ಮೇಲೆ ಕೂಳೆಗೆ ಬೆಂಕಿ ಇಟ್ಟು, ಬದುವಿನ ಮೇಲೆ ಕೈಕಟ್ಟಿ ನಿಂತು, “ಹೊಲ ಸಾಫಾತು” ಎಂದು ಖುಷಿಪಡುತ್ತಿದ್ದ. ಹೊಲವೇನು ದಲಾಲಿ ಅಂಗಡಿಯ ಕಟ್ಟೆಯೇ, ಗುಡಿಸಿ ಸಾಫ್ ಮಾಡಲಿಕ್ಕೆ?

ಬಂದ ವರ್ಷವೇ ಅವನ ಟ್ರ್ಯಾಕ್ಟರು ನಮ್ಮ ಬದು ತಿನ್ನತೊಡಗಿತು. ಈ ಬಾರಿ ಒಂದು ಸಾಲು, ಮುಂದಿನ ಬಾರಿ ಇನ್ನೊಂದು ಸಾಲು. ಬದು ಬದುವಾಗಿ ಉಳಿಯದೆ ಕುದುರೆಯ ಬೆನ್ನಿನಷ್ಟು ಸಣ್ಣದಾಯಿತು. ನನ್ನ ಗಂಡ “ಹೋಗ್ಲಿ ಬಿಡು, ದೊಡ್ಡ ಮಂದಿ” ಅಂದ. ದೊಡ್ಡ ಮಂದಿ ಅಂತೆ! ನಾನೇ ಓಡಾಡಿ ಸರ್ವೆಯವರನ್ನು ಕರೆಸಿದೆ. ಸರಪಳಿ ಹಿಡಿದು ಅಳೆದರು. ಕಲ್ಲು ಇನ್ನೂ ಅವನ ಕಡೆಗೇ ಸರಿಯಬೇಕೆಂದು ಬಂತು. ಊರ ನಾಲ್ಕು ಮಂದಿ ನೋಡುತ್ತಿರುವಾಗಲೇ ಕಲ್ಲು ಕಿತ್ತು ಅವನು ಬಿತ್ತಿದ ಸಾಲಿನ ನಡುವೆ ನೆಟ್ಟರು.

ಅವನ ಮುಖ ಬೆಂಕಿ ಕೆಂಡ. ಬೆರಳು ತೋರಿಸಿ ಅಂದ: “ಕಲ್ಲು ನಿಂದಾತು, ಆಗ್ಲಿ ಬೇ. ಸೂರ್ಯಪ್ಪ ನಿನ್ನ ಮನಿ ಆಳಲ್ಲ. ನಿನ್ನ ಹೊಲಕ್ಕ ಬಿಸಲ ಬೀಳದಂಗ ಮಾಡ್ಲಿಲ್ಲಂದ್ರ ಕೇಳು.”

ನಾನು ನಕ್ಕೆ. ಆದರೆ ಅವನು ಹುಡುಗಾಟಕ್ಕೆ ಅಂದದ್ದಲ್ಲ. ಅವನ ಹೊಲ ನಮ್ಮದರ ತೆಂಕಣಕ್ಕೆ, ದಿಬ್ಬದ ಮೇಲೆ. ಹಿಂಗಾರಿಯಲ್ಲಿ ಸೂರ್ಯ ತೆಂಕಣಕ್ಕೆ ವಾಲುತ್ತಾನೆ. ಆಗ ಬದುವಿನ ಮೇಲೆ ಏನು ನಿಂತರೂ ಅದರ ನೆರಳು ಬೀಳುವುದು ನಮ್ಮ ಹೊಲಕ್ಕೆ, ಅವನ ಹೊಲಕ್ಕೆ ಒಂದು ಚೂರೂ ಇಲ್ಲ. ನಮ್ಮ ಬೆಳೆಯೆಲ್ಲ ಹಿಂಗಾರಿಯದೇ: ಬಿಳಿಜೋಳ, ಕಡಲೆ. ಇದನ್ನೆಲ್ಲ ಆ ಮನುಷ್ಯ ಬದುವಿನ ಮೇಲೆ ಒಂದು ಕೋಲು ನೆಟ್ಟು, ದಿನವಿಡೀ ಅದರ ನೆರಳು ನೋಡುತ್ತ ಕೂತು ಕಂಡುಹಿಡಿದ. ಬೆಳೆ ಬೆಳೆಯಲಿಕ್ಕೆ ಇಲ್ಲದ ಬುದ್ಧಿ ಬೆಳೆ ಕೆಡಿಸಲಿಕ್ಕೆ ಎಲ್ಲಿಂದ ಬರುತ್ತದೋ!

ಮಳೆಗಾಲಕ್ಕೆ ಬದುವಿನುದ್ದಕ್ಕೂ ತನ್ನ ಕಡೆಯ ಅಂಚಿಗೆ ಬೇವಿನ ಸಸಿ ಹಚ್ಚಿದ. ಬೇಸಿಗೆಯಲ್ಲಿ ಮೊಪೆಡ್ಡಿನ ಎರಡೂ ಕಡೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು, ಬಿಸಿಲಿನಲ್ಲಿ ಬೆವರು ಸುರಿಸುತ್ತ ನೀರು ತಂದು ಹಾಕಿದ. ಆಡು ತಿನ್ನದಿರಲೆಂದು ಜಾಲಿಮುಳ್ಳು ಕಡಿದು ಒಂದೊಂದಕ್ಕೂ ಬೇಲಿ ಕಟ್ಟಿದ. ಕೈಯೆಲ್ಲ ಗೀರುಗೀರಾಗಿತ್ತು. ಹೆತ್ತ ಮಕ್ಕಳಿಗೂ ಅಷ್ಟು ಮಾಡಿರಲಿಕ್ಕಿಲ್ಲ, ಪುಣ್ಯಾತ್ಮ.

ಬೇವು ಎದ್ದವು. ಬದುವಿನ ಪಕ್ಕದ ಮೊದಲ ಸಾಲುಗಳಲ್ಲಿ ನನ್ನ ಜೋಳ ಸೊರಗಿದ್ದು ಖರೆ. ತೆನೆ ಕಿರುಬೆರಳಿನಷ್ಟೇ ಆಯಿತು. ನಾನು ಕಣ್ಣಲ್ಲಿ ನೀರು ತಂದುಕೊಂಡೆ. ಅವನು ಮೇಲೆ ನಿಂತು, “ಹೆಂಗೈತಿ ಬೆಳಿ? ಛಲೋ ಐತೇನು?” ಎಂದು ಕೇಳಿ ಹಲ್ಲು ಕಿಸಿದ. ಆ ಹೊತ್ತಿಗೆ ಕೈಯಲ್ಲಿ ಕುಡಗೋಲಿತ್ತು. ದೇವರು ದೊಡ್ಡವನು, ಇಬ್ಬರೂ ಬದುಕಿಕೊಂಡೆವು.

ಆ ಮೇಲೆ ಏನಾಯಿತು ಕೇಳಿ. ಸುಗ್ಗಿ ಮುಗಿದು ಹೊಲ ಬರಿದಾದಾಗ ಕುರಿ ಹಿಂಡುಗಳು ಬರುವುದು ನಮ್ಮ ಕಡೆ ವಾಡಿಕೆ. ಯಾರ ಹೊಲದಲ್ಲಿ ಕುರಿ ನಿಲ್ಲುತ್ತವೋ ಅವರ ಹೊಲಕ್ಕೆ ಹಿಕ್ಕೆ, ಉಚ್ಚೆ, ಗೊಬ್ಬರ. ಅದಕ್ಕೇ ಕುರಿಯವರಿಗೆ ಕಾಳು ಕಡಿ ಕೊಟ್ಟು, ಕಾಡಿ ಬೇಡಿ ನಿಲ್ಲಿಸಿಕೊಳ್ಳಬೇಕು. ಆ ವರ್ಷ ನಾನು ಯಾರನ್ನೂ ಕರೆಯಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಕುರಿಗಳು ತಾವಾಗಿಯೇ ಬಂದು ನೆರಳು ಹುಡುಕಿ ಮಲಗಿದವು. ನೆರಳು ಎಲ್ಲಿತ್ತು? ನಮ್ಮ ಹೊಲದಲ್ಲಿ! ಅವನ ಹೊಲದಲ್ಲಿ ಮಲಗಲಿಕ್ಕೆ ಕುರಿಗಳಿಗೇನು ಹುಚ್ಚೆ? ಹಿಂಡಿನ ಮುದುಕ ನನಗೆ, “ಯವ್ವಾ, ಇಷ್ಟು ಛಲೋ ನೆಳ್ಳು ಈ ಸೀಮ್ಯಾಗ ಎಲ್ಲೂ ಇಲ್ಲ” ಎಂದು ಕೈಮುಗಿದ.

ಬೇವು ಎಲೆ ಉದುರಿಸಿದವು. ಮುಂಗಾರಿನ ಮೊದಲ ಮಳೆಗೆ ದಿಬ್ಬದ ಮೇಲಿನ ಎಲೆಯೆಲ್ಲ ನೀರಿನ ಜೊತೆ ಇಳಿದು ನಮ್ಮ ಬದುವಿನ ಕೆಳಗೆ ತಂಗಿತು. ಮರದ ಮೇಲೆ ಕೂತ ಹಕ್ಕಿಗಳು ಹಿಕ್ಕೆ ಹಾಕಿದವು. ಮೊದಲೆಲ್ಲ ನಮ್ಮ ಹೊಲ ಮಳೆ ಬಂದರೆ ಜಾರಿ, ಬಿಸಿಲು ಬಂದರೆ ಗಚ್ಚು ಹಾಕಿದಂತಾಗುತ್ತಿತ್ತು. ನೀರು ಒಳಗೆ ಇಳಿಯದೆ ಮಣ್ಣು ಹೊತ್ತುಕೊಂಡು ಹಳ್ಳ ಸೇರುತ್ತಿತ್ತು. ಒಂದೆರಡು ವರ್ಷ ಕಳೆದ ಮೇಲೆ ಕಡಲೆ ಸಾಲಿನಲ್ಲಿ ಕಸ ಕೀಳಲು ಕೂತೆ. ಬೇರಿನ ಜೊತೆ ಎದ್ದ ಮಣ್ಣು ಬೆರಳ ಸಂದಿಯಲ್ಲಿ ಉದುರಿತು, ಕರ್ರಗೆ, ತಣ್ಣಗೆ. ಮೂಗಿಗೆ ಹಿಡಿದರೆ ಮೊದಲ ಮಳೆಯ ವಾಸನೆ. ಎರಡೆರಡು ಎರೆಹುಳು. ಊರ ಕಡಲೆ ಬಾಡಿ ನಿಂತಿದ್ದಾಗ ನನ್ನ ಕಡಲೆ ಹಸಿರಾಗಿತ್ತು. ನಾನು ಆ ಸಾಲಿನಲ್ಲೇ ಕೂತು ಹೊಟ್ಟೆ ಹಿಡಿದು ನಕ್ಕೆ. ಲೇ ದಲಾಲಿ, ಹೊಟ್ಟೆಕಿಚ್ಚಿನಿಂದ ನನ್ನ ಹೊಲಕ್ಕೆ ಗೊಬ್ಬರ ಹೊತ್ತೆಯಲ್ಲೋ!

ಅವನಿಗೆ ಇದು ಗೊತ್ತಾದರೆ ಮರಗಳು ಮರುದಿನವೇ ಕಟ್ಟಿಗೆ. ಅದು ನನಗೆ ಸ್ಪಷ್ಟವಿತ್ತು. ಮರ ಹೋದರೆ ಮಣ್ಣು ಹೋಗುತ್ತದೆ, ಮಣ್ಣು ಹೋದರೆ ಹೊಲ ಹೋಗುತ್ತದೆ, ಹೊಲ ಹೋಗುವುದು ಇವನ ಕೈಗೇ. ಹಾಗಾಗಿ ನಾನು ಬೈಯಲು ಶುರು ಮಾಡಿದೆ.

ಬೈಗಳೆಂದರೆ ಅಂಥಿಂಥ ಬೈಗಳಲ್ಲ. ಅವನ ಮೊಪೆಡ್ಡಿನ ಸಪ್ಪಳ ಕೇಳಿದರೆ ಸಾಕು, ಬದುವಿನ ಕೆಳಗೆ ನಿಂತು ಸೆರಗು ಬಿಗಿದು, “ನನ್ನ ಹೊಟ್ಟಿ ಮ್ಯಾಲೆ ನೆಳ್ಳು ಹಾಕಿದವರು ಉದ್ಧಾರಾಗಂಗಿಲ್ಲ! ಈ ಗಿಡದಾಗಿನ ಹಕ್ಕಿ ಬಂದು ನನ್ನ ಕಾಳೆಲ್ಲಾ ತಿಂದ್ವು!” ಎಂದು ಬಾಯಿ ಬಡಿದುಕೊಳ್ಳುತ್ತಿದ್ದೆ. ಅವನು ಅಂದು ಎರಡು ಕೊಡ ನೀರು ಹೆಚ್ಚು ಹಾಕುತ್ತಿದ್ದ. ಬೈಗಳಿಗೆ ಅಷ್ಟು ಚೆನ್ನಾಗಿ ಬೆಳೆಯುವ ಗಿಡಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬೇವು ಸಾಕಾಯಿತು, ಹೊಂಗೆ ಬೇಕೆನಿಸಿತು. ನನ್ನ ತವರಿನಲ್ಲಿ ಹೊಂಗೆ ಸೊಪ್ಪು ಗದ್ದೆಗೆ ಹಾಕಿ ತುಳಿಯುತ್ತಿದ್ದುದನ್ನು ನೋಡಿ ಬೆಳೆದವಳು ನಾನು. ಅವನ ಹೆಂಡತಿ ಕಾಕಿ ಒಳ್ಳೆ ಹೆಣ್ಣುಮಗಳು, ಮಾತು ಕಡಿಮೆ. ಹಿಟ್ಟಿನ ಗಿರಣಿಯಲ್ಲಿ ಸಿಕ್ಕಾಗ ಅವಳ ಕಿವಿಗೆ ಬೀಳುವಂತೆ ಅಂದೆ: “ಬೇವಿನ ನೆಳ್ಳು ಹೆಂಗರ ತಡಕೊಳ್ಳಬಹುದ್ರಿ ಕಾಕಿ. ಹೊಂಗಿ ಹಚ್ಚಿದ್ರಂದ್ರ ನಾವು ಮಣ್ಣು ತಿನ್ನಬೇಕಾಗ್ತಿತ್ತು.” ಕಾಕಿ ನನ್ನ ಮುಖ ನೋಡಿ, ಹಿಟ್ಟಿನ ಬುಟ್ಟಿ ಎತ್ತಿಕೊಂಡಳು. ವಾರ ಕಳೆದಿರಲಿಲ್ಲ, ಕಾಕಾ ನರ್ಸರಿಯಿಂದ ಹೊಂಗೆ ಸಸಿಗಳನ್ನು ಮೊಮ್ಮಕ್ಕಳಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತು ಬಂದ. ಮುಂದೆ ಹುಣಸೆಗೆ ಹೆದರಿದೆ, ಹುಣಸೆ ಬಂತು. ಸೀತಾಫಲದಿಂದ ಅಳಿಲು ಹೆಚ್ಚುತ್ತವೆಂದು ಅತ್ತೆ, ಸೀತಾಫಲ ಬಂತು. ನುಗ್ಗೆಯ ಹೆಸರೆತ್ತಿದರೆ ಮೈ ನಡುಗುತ್ತದೆ ಅಂದೆ. ಬಾರೆಹಣ್ಣಿನ ಗಿಡ ಮಾತ್ರ ಹಕ್ಕಿಗಳೇ ತಂದು ಹಚ್ಚಿದವು, ಅದರ ಶ್ರೇಯಸ್ಸು ನನಗೂ ಇಲ್ಲ, ಅವನಿಗೂ ಇಲ್ಲ. ಸೊರಗಿದ ಸಾಲುಗಳಲ್ಲಿ ನಾನು ಜೋಳ ಬಿಟ್ಟು ಅವರೆ, ಹೀರೆ ಹಾಕಿ ಬಳ್ಳಿಯನ್ನು ಅವನ ಮರಕ್ಕೇ ಹಬ್ಬಿಸಿದೆ.

ಅದಕ್ಕೂ ತಕರಾರು. ಒಂದು ದಿನ ಊರ ಹಿರಿಯರಿಬ್ಬರನ್ನು ಕರೆತಂದು, “ನೋಡ್ರಿ, ಇಕಿ ಬಳ್ಳಿ ನನ್ನ ಗಿಡ ಹತ್ತೈತಿ. ಬಾಡಿಗಿ ಕೊಡ್ಲಿ” ಅಂದ. ಹಿರಿಯರು ಮುಖ ಮುಖ ನೋಡಿಕೊಂಡರು. ಬಳ್ಳಿಗೆ ಬಾಡಿಗೆ ಕೇಳಿದ ಇನ್ನೊಬ್ಬ ಮನುಷ್ಯನನ್ನು ಮಸ್ಕಿ, ಲಿಂಗಸುಗೂರು, ಸಿಂಧನೂರು ಮೂರೂ ತಾಲ್ಲೂಕು ಹುಡುಕಿ ತೋರಿಸಿರಿ ನೋಡೋಣ. ಕೊನೆಗೆ ಅವನ ಕಡೆ ಇಳಿಬಿದ್ದ ಕಾಯಿ ಅವನದು, ನನ್ನ ಕಡೆಯದು ನನ್ನದು ಎಂದಾಯಿತು. ಅವನು ಮುಂಜಾನೆ ಬಂದು ನನ್ನ ಕಡೆಯ ಹೀರೇಕಾಯಿಗಳನ್ನು ಕೋಲಿನಿಂದ ತನ್ನ ಕಡೆಗೆ ಎಳೆದು ಹರಿದುಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೇನೆ. ವಿಭೂತಿ ಇನ್ನೂ ಆರಿರುತ್ತಿರಲಿಲ್ಲ.

ಅವನೊಬ್ಬನನ್ನೇ ಯಾಕೆ ಅನ್ನಲಿ? ಬಳಗಾನೂರಿನಲ್ಲಿ ನಮ್ಮ ಬೀಗರಿದ್ದಾರೆ, ಕಾಲುವೆಯ ನೀರು, ಭತ್ತ, ದಿಮಾಕು. ಹಕ್ಕಿ ಕೂಡುತ್ತವೆಂದು ಬದುವಿನ ಮೇಲೆ ಒಂದು ಕಡ್ಡಿ ಉಳಿಯಗೊಟ್ಟಿಲ್ಲ. ನಮ್ಮ ಹೊಲಕ್ಕೆ ಬಂದಾಗ ಬೀಗರು, “ಇದೇನ್ ಹೊಲನೋ, ಅಡವಿನೋ?” ಎಂದು ಕಿಸಕ್ಕನೆ ನಕ್ಕರು. ನಕ್ಕವರು ಹೋಗುವಾಗ ಚೀಲ ತುಂಬ ಹುಣಸೆಹಣ್ಣು, ಕೈತುಂಬ ನುಗ್ಗೆಕಾಯಿ ಒಯ್ದರು. ಈಗ ಅವರ ಗದ್ದೆಯ ಮೂಲೆಯಲ್ಲಿ ಸೌಳು ಎದ್ದು ಉಪ್ಪು ಬಳಿದಂತೆ ಬೆಳ್ಳಗೆ ಕಾಣುತ್ತದೆ. ಇನ್ನೂ ಎರಡು ಚೀಲ ಗೊಬ್ಬರ ಹಾಕಿದರೆ ಸರಿಹೋಗುತ್ತದೆ ಅನ್ನುತ್ತಾರೆ. ಹಾಕಲಿ, ಮೂರು ಚೀಲ ಹಾಕಲಿ.

ಒಮ್ಮೆ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ಹಿಂಗಾರಿ ಮಳೆ ಕೈಕೊಟ್ಟ ವರ್ಷ. ಅವನ ಹೊಲ ಬಿರುಕು ಬಿಟ್ಟು ನಿಂತಿತ್ತು, ನನ್ನ ಹೊಲದಲ್ಲಿ ಜೋಳ ತೆನೆಗೆ ಮೊದಲೇ ಆಳೆತ್ತರ ನಿಂತಿತ್ತು. ತಿರುಗಿ ನೋಡಿದರೆ ಕಾಕಾ ಬದು ಇಳಿದು ನನ್ನ ಸಾಲಿನ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾನೆ. ಕೈಯಲ್ಲಿ ನನ್ನ ಮಣ್ಣು. ಹಿಂದೆ ತೊಗರಿ ನೋಡುತ್ತಿದ್ದಂತೆಯೇ ಅಂಗೈಯಲ್ಲಿ ಹರಡಿ, ಬೆರಳಾಡಿಸಿ, ಕಣ್ಣು ಸಣ್ಣ ಮಾಡಿ ನೋಡುತ್ತಿದ್ದಾನೆ. ನಂತರ ತಲೆಯೆತ್ತಿ ಮರ ನೋಡಿದ. ಮತ್ತೆ ಮಣ್ಣು ನೋಡಿದ. ಮುಗಿಯಿತು, ಇವನಿಗೆ ತಿಳಿಯಿತು ಅಂದುಕೊಂಡೆ.

“ಇದು ಹೆಂಗಬೇ ಹಿಂಗ ಮೆತ್ತಗಾಗೈತಿ?” ಅಂದ.

ನಾನು ಧೊಪ್ಪನೆ ಕೂತು ಹಣೆ ಹಣೆ ಬಡಿದುಕೊಂಡೆ. “ಹೆಂಗಾತು ಅಂತ ಬ್ಯಾರೆ ಕೇಳ್ತೀರಿ! ನಿಮ್ಮ ಎಲಿ ಕೊಳತು ಕೊಳತು ನನ್ನ ಹೊಲನೂ ಕೊಳತ ಹೋತು ಕಾಕಾ. ನೋಡ್ರಿ, ಹುಳ ಬಿದ್ದಾವ ಹುಳ! ಜೀವಂತ ಹೊಲಕ್ಕ ಹುಳ ಹಾಕಿದ್ರಿ!” ಎಂದು ಒಂದು ಹೆಂಟೆ ಒಡೆದು ಎರೆಹುಳು ಎತ್ತಿ ಅವನ ಮೂಗಿನ ಕೆಳಗೆ ಹಿಡಿದೆ.

ಒಕ್ಕಲುತನ ಮಾಡಿದವನಾಗಿದ್ದರೆ ಆ ಹುಳಕ್ಕೆ ಕೈಮುಗಿಯುತ್ತಿದ್ದ. ಇವನು ಹೇಸಿಕೊಂಡು ಹಿಂದಕ್ಕೆ ಸರಿದ. ನಿಧಾನಕ್ಕೆ ಮುಖ ಅರಳಿತು. “ಜ್ವಾಳ ಮತ್ತ ಎತ್ತರ ಐತಲ್ಲ?” ಅಂದ.

“ಬಿಸಲ ಹುಡುಕ್ಕೋತ ಮ್ಯಾಲೆ ಹೊಂಟೈತ್ರಿ. ಬರೇ ದಂಟು. ಕಾಳು ಎಲ್ಲಿಂದ ಬರಬೇಕು?”

ಅವನು ಕೈ ಝಾಡಿಸಿ ಎದ್ದ. “ಇನ್ನೂ ಬೀಳ್ತಾವ ತಡಿ ಹುಳ” ಎಂದು ಬದು ಹತ್ತಿ ಹೋದ. ಮುಂದಿನ ಮಳೆಗಾಲಕ್ಕೆ ಮರಗಳ ಸಂದಿಯಲ್ಲೆಲ್ಲ ಗೊಬ್ಬರದ ಗಿಡದ ಗೂಟ ನೆಟ್ಟ. ಅದು ಸಿಕ್ಕಾಪಟ್ಟೆ ಎಲೆ ಉದುರಿಸುತ್ತದೆಂದು ಯಾರೋ ಹೇಳಿದ್ದರಂತೆ. ಗಿಡದ ಹೆಸರೇ ಗೊಬ್ಬರದ ಗಿಡ, ನೆಡುವಾಗಲೂ ಅವನಿಗೆ ಬುದ್ಧಿ ಬರಲಿಲ್ಲ. ಹೊಟ್ಟೆಕಿಚ್ಚು ಮನುಷ್ಯನನ್ನು ಎಷ್ಟು ಬೇಕೂಫ ಮಾಡುತ್ತದೆ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ಕಳೆದ ವರ್ಷ ಅವನಿಗೆ ಲಕ್ವಾ ಹೊಡೆಯಿತು. ಅರ್ಧ ಮೈ ಬಿದ್ದುಹೋಯಿತು. ಊರ ಮಂದಿ ಮಾತಾಡಿಸಿ ಬಂದರು, ನಾನೂ ಹೋದೆ. ಒಳಗೊಳಗೆ ನೋಡಬೇಕೆಂಬ ಆಸೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಮಂಚದ ಮೇಲೆ ಒಣಗಿದ ಸಣ್ಣ ಮನುಷ್ಯ. ನನ್ನನ್ನು ಕಂಡವನೇ ಬಾಯಿ ಸೊಟ್ಟ ಮಾಡಿ ತೊದಲಿದ: “ಬಿಸಲ... ಬಿದ್ದೈತೇನು ನಿನ್ನ ಹೊಲಕ್ಕ?”

ಸಾಯುವ ಹೊತ್ತಿನಲ್ಲಿ ಕೇಳುವ ಮಾತೇ ಇದು! ಥೂ ಅನ್ನಿಸಿತು. ಆದರೂ ಬಾಯಿಗೆ ಬಂದದ್ದು ಬೇರೆ. “ಎಲ್ಲಿ ಬಿಸಲ್ರಿ ಕಾಕಾ. ಹಾಡುಹಗಲ ಕತ್ತಲಿ ಕವದಂಗ ಐತಿ. ನಾನು ಹಾಳಾಗಿ ಹೋದೆ.” ಅವನ ಮುಖದ ಬದುಕಿದ್ದ ಅರ್ಧ ನಕ್ಕಿತು. ಕಾಕಿ ಬಾಗಿಲ ತನಕ ಬಂದು, “ಇವತ್ತು ಎರಡು ತುತ್ತು ಹೆಚ್ಚಿಗಿ ಉಂಡಾರು. ಮತ್ತ ಬಾ” ಅಂದಳು. ನಾನು ಮತ್ತೆ ಮತ್ತೆ ಹೋದೆ. ಹೋದಾಗಲೆಲ್ಲ ನನ್ನ ಹೊಲವನ್ನು ಇನ್ನಷ್ಟು ಹಾಳು ಮಾಡಿ ಹೇಳಿದೆ. ಅವನನ್ನು ನಾನು ಕ್ಷಮಿಸಿರಲಿಲ್ಲ, ಈಗಲೂ ಕ್ಷಮಿಸಿಲ್ಲ. ಆದರೆ ಅಷ್ಟು ವರ್ಷ ನೀರು ಹೊತ್ತ ಮುದುಕ ಉಪವಾಸ ಸಾಯುವುದು ಬೇಡವೆನಿಸಿತು.

ಅವನು ಚಳಿಗಾಲದಲ್ಲಿ ಹೋದ. ಮಣ್ಣು ಕೊಡುವುದಕ್ಕೆ ನಾನೂ ನನ್ನ ಗಂಡನೂ ಹೋಗಿದ್ದೆವು. ಮೂರನೆಯ ದಿನ ಮಾತಾಡಿಸಲು ಮನೆಗೆ ಹೋದಾಗ ಪಡಸಾಲೆ ತುಂಬ ಬೀಗರು, ನೆಂಟರು. ಒಬ್ಬನೇ ಮಗ, ಸಿಂಧನೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಆ ತಂದೆಗೆ ಇಂಥ ಮಗ ಹೇಗೆ ಹುಟ್ಟಿದನೋ ಅನ್ನುವಷ್ಟು ಮೃದು. ಎಲ್ಲರೆದುರು ಎದ್ದು ಬಂದು ನನ್ನ ಕಾಲು ಮುಟ್ಟಲು ಬಗ್ಗಿದ.

“ಅಕ್ಕಾ, ನಮ್ಮಪ್ಪ ನಿಮಗ ಭಾಳ ತ್ರಾಸ ಕೊಟ್ಟಾರ. ನನಗ ಎಲ್ಲಾ ಗೊತ್ತೈತಿ. ಅವರ ಪಾಪ ನಾ ತೊಳೀತೀನಿ. ಬದುವಿನ ಮ್ಯಾಗಿನ ಗಿಡ ಒಂದೂ ಬಿಡದಂಗ ಕಡಸ್ತೀನಿ. ಕಟ್ಟಿಗಿ ಅಡ್ಡೆದವರಿಗೆ ಹೇಳೀನಿ, ನಾಳಿಗೆ ಗರಗಸ ತಗೊಂಡು ಬರ್ತಾರ” ಅಂದ.

ಮುದುಕನ ಕೆಟ್ಟತನವನ್ನು ಇಷ್ಟು ವರ್ಷ ಹೇಗೋ ಸಂಭಾಳಿಸಿದ್ದೆ. ಮಗನ ಒಳ್ಳೆಯತನಕ್ಕೆ ನನ್ನ ಹತ್ತಿರ ಮದ್ದಿರಲಿಲ್ಲ. “ಬ್ಯಾಡಪ್ಪ, ಇರ್ಲಿ ಬಿಡು” ಅಂದೆ. “ಸಂಕೋಚ ಮಾಡಬ್ಯಾಡ್ರಿ” ಅಂದ. “ಖರೇನ ಬ್ಯಾಡ” ಅಂದೆ. “ನಿಮ್ಮ ಮನಸು ದೊಡ್ಡದು, ಅದಕ್ಕ ಹಿಂಗಂತೀರಿ. ಕಡಸೋದ ಸೈ” ಎಂದು ಕಣ್ಣೊರೆಸಿಕೊಂಡ. ನೆಂಟರೆಲ್ಲ ಅವನ ಗುಣ ಮೆಚ್ಚಿ ತಲೆದೂಗಿದರು. ಗೋಡೆಯ ಮೇಲೆ ಹಾರ ಹಾಕಿದ ಫೋಟೋದಲ್ಲಿ ಕಾಕಾ ಕೂತಿದ್ದ. ಅವನ ಬಗ್ಗೆ ಒಂದು ಒಳ್ಳೆ ಮಾತು ನನ್ನ ಬಾಯಿಂದ ಎಂದೂ ಬಂದದ್ದಿಲ್ಲ. ಆ ಫೋಟೋಕ್ಕೆ ಬೆನ್ನು ಮಾಡಿ ನಿಂತೆ.

“ಕೇಳಪ್ಪ, ಎಲ್ಲಾರೂ ಕೇಳ್ರಿ” ಅಂದೆ. “ನನ್ನ ಹೊಲ ಸತ್ತ ಬಿದ್ದಿತ್ತು. ನಿಮ್ಮಪ್ಪ ಹಚ್ಚಿದ ಗಿಡದ ಎಲಿ ಬಿದ್ದು, ನೆಳ್ಳಿಗಿ ಕುರಿ ಮಲಗಿ ಅದಕ್ಕ ಜೀವ ಬಂತು. ನಮ್ಮ ಮನ್ಯಾಗ ಉಣ್ಣೋ ರೊಟ್ಟಿ ಅವರು ಹಾಕಿದ್ದು. ಒಂದು ಗಿಡ ಕಡಿದ್ರೂ ನೀ ನನ್ನ ಹೊಲ ಕಡದಂಗ.”

ಮಗ ಬಾಯಿ ತೆರೆದು ನಿಂತ. “ಮತ್ತ... ಇಷ್ಟು ವರ್ಷ ಅವರನ್ನ ಬೈದದ್ದು?”

“ಬೈಲಿಲ್ಲಂದ್ರ ಹಚ್ತಿದ್ದಿಲ್ಲಪ್ಪ.”

ಮೂಲೆಯಲ್ಲಿ ಕೂತಿದ್ದ ಕಾಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಭುಜ ಕುಲುಕತೊಡಗಿದವು. ಹೆಂಗಸರು ಅಳುತ್ತಾಳೆಂದುಕೊಂಡು ಹಿಡಿಯಲು ಹೋದರು. ಅವಳು ಕೈ ಸರಿಸಿ ಮುಖ ಎತ್ತಿದಳು. ಕಣ್ಣಲ್ಲಿ ನೀರಿತ್ತು, ಆದರೆ ಅವಳು ನಗುತ್ತಿದ್ದಳು.

“ಗಿಡ ಮುಟ್ಟಬ್ಯಾಡೋ ಮಗನ” ಅಂದಳು. “ನಿಮ್ಮಪ್ಪ ಜನ್ಮದಾಗ ಮಾಡಿದ ಛಲೋ ಕೆಲಸ ಅದೊಂದ. ಅದನ್ನೂ ಗೊತ್ತಿಲ್ಲದಂಗ ಮಾಡ್ಯಾರ.”